ಕಬ್ಬಿನಾಚೆ ಅಕ್ಕನ ಕೈಗಳು

ಇಂಟರ್ನೆಟ್ಟಿಗೆ ಕಬ್ಬಿನ ಎಲೆ ಅಡ್ಡ ಬಂತು ಎಂದರೆ ನೀವು ನಗುತ್ತೀರೋ ಇಲ್ಲವೋ? ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗುವ ಜಾಗ ಅಷ್ಟಾಗಿ ಸಿಗಲಿಕ್ಕಿಲ್ಲ.

ಮೊನ್ನೆ ಮಳೆ ನಿಂತ ಮೇಲೆ ಹಿತ್ತಲ ಬಾಗಿಲು ತೆಗೆದೆ. ರವದಿ ಕೊಳೆತ ವಾಸನೆ ಬಂತು. ಕಬ್ಬಿನ ಒಣ ಎಲೆಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅದು ಕೆಲವು ದಿನ ನೀರಲ್ಲಿ ಬಿದ್ದರೆ ಹುಳಿ ಬಂದ ಹಿಟ್ಟಿನ ವಾಸನೆ ಕೊಡುತ್ತದೆ. ಬಾಗಿಲು ಹಾಕಿಕೊಂಡು ಒಳಗೆ ಬಂದು ಕೂತೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಸೊಸೆ ಕಲಿಸಿಕೊಟ್ಟು ಬಹಳ ದಿನ ಆಗಿಲ್ಲ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಆ ಒಂದು ಮಳೆಗಾಲವನ್ನು ಬೇಗಬೇಗ ಹೇಳಿ ಮುಗಿಸುವ ಅವಸರ ನನಗೂ ಇಲ್ಲ.

ನಮ್ಮ ಊರು ಸದಲಗಾದ ಹತ್ತಿರ, ದೂಧಗಂಗೆಯ ದಂಡೆಗೆ. ನನ್ನ ಅಕ್ಕನನ್ನು ಕೊಟ್ಟದ್ದು ಶೇಡಬಾಳದ ಆಚೆ, ಕೃಷ್ಣೆಗೆ ಅಂಟಿಕೊಂಡ ಒಂದು ಸಣ್ಣ ಊರಿಗೆ. ನಡುವೆ ಎರಡು ಹೊಳೆ. ಅಕ್ಕನ ಹೆಸರು ತಾರಾಬಾಯಿ, ನನಗೆ ತಾರಕ್ಕ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಬಾಯಿಮಾತೂ ಬರಲಿಲ್ಲ. ಯಾರಾದರೂ ಅವಳನ್ನು ಮೂಕಿ ಎಂದರೆ ನಾನು ಮುಖ ತಿರುಗಿಸಿ ನಗುತ್ತಿದ್ದೆ, ಯಾಕೆಂದರೆ ಅವಳಷ್ಟು ಮಾತುಗಾರ್ತಿ ನಮ್ಮ ಮನೆತನದಲ್ಲೇ ಇರಲಿಲ್ಲ. ಎಲ್ಲವೂ ಕೈಯಲ್ಲಿ. ಶಾಲೆಗಳಲ್ಲಿ ಕಲಿಸುವ ಕೈಭಾಷೆ ಅಲ್ಲ ಅದು. ಸಣ್ಣವರಿದ್ದಾಗ ಎಮ್ಮೆ ಮೇಯಿಸುತ್ತ ನಾವಿಬ್ಬರೇ ಮಾಡಿಕೊಂಡ ಮಾತು. ಮೂಗಿನ ಮೇಲೆ ಬೆರಳಿಟ್ಟರೆ ಅವ್ವ, ಅವಳ ನತ್ತಿನ ಗುರುತು. ತಲೆಯ ಸುತ್ತ ಕೈ ಆಡಿಸಿದರೆ ಅಪ್ಪ, ಅವನ ರುಮಾಲು. ನನ್ನ ಹೆಸರಿಗೆ ಅವಳು ಬೆರಳುಗಳನ್ನು ಗಿಳಿಯ ಕೊಕ್ಕಿನ ಹಾಗೆ ಮುಚ್ಚಿ ತೆರೆದು ತೋರಿಸುತ್ತಿದ್ದಳು. ವಟವಟ ಎನ್ನುವವಳು ಎಂದು. ಅವಳಿಗೆ ಕೇಳದ ವಟವಟ ಅವಳಿಗೆ ಹೇಗೆ ಗೊತ್ತಾಯಿತೋ ನಾ ಕಾಣೆ.

ಅವಳ ಸೊಸೆ ಶಾಂತಾ ಒಳ್ಳೆಯ ಹುಡುಗಿ. ಅತ್ತೆಯ ಕೈಯಿಂದ ಊಟ, ನೀರು, ಬಾ, ಹೋಗು ಇಷ್ಟನ್ನು ತಿಳಿದುಕೊಂಡಿದ್ದಳು. ಅಕ್ಕನ ಮಗನೂ ಅದಕ್ಕಿಂತ ಹೆಚ್ಚು ಕಲಿಯಲಿಲ್ಲ, ಗಂಡುಮಕ್ಕಳಿಗೆ ಅಷ್ಟು ವ್ಯವಧಾನ ಎಲ್ಲಿ. ಒಳಗಿನ ಮಾತು ಏನಿದ್ದರೂ ನನಗೇ. ಅದಕ್ಕೆಂದೇ ತಿಂಗಳಿಗೊಮ್ಮೆ ಬಸ್ಸು ಹಿಡಿದು ಶೇಡಬಾಳದ ಬಸದಿಗೆ ಹೋಗುತ್ತಿದ್ದೆ, ಅವಳೂ ಬರುತ್ತಿದ್ದಳು. ದರ್ಶನ ಮುಗಿಸಿ ಕಟ್ಟೆಯ ಮೇಲೆ ಕೂತರೆ ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಯಾರಾದರೂ ಬಂದು ಎಬ್ಬಿಸಬೇಕಿತ್ತು. ಆಮೇಲೆ ನನ್ನ ಮೊಣಕಾಲು ಕೆಟ್ಟವು. ಬಸ್ಸಿನ ಮೆಟ್ಟಿಲು ಹತ್ತಲಾಗದ ನಾನು ಮನೆ ಹಿಡಿದೆ. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನಿಗೆ ದನಿ ಉಪಯೋಗವಿಲ್ಲ, ಮುಖ ಮತ್ತು ಕೈ ಕಾಣಬೇಕು. ನಮ್ಮ ಮನೆ ತಗ್ಗಿನಲ್ಲಿದೆ. ಇಲ್ಲಿ ಮೊಬೈಲಿಗೆ ದನಿ ಬರುವುದೇ ಕಷ್ಟ, ಚಿತ್ರದ ಮಾತು ದೂರ.

ಆಗ ನನ್ನ ಸೊಸೆ ರಾಜಶ್ರೀ ಟೊಂಕ ಕಟ್ಟಿದಳು. ಅವಳು ನಮ್ಮ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಊರವರ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆ, ಅವಳಿಗೂ ಇಂಟರ್ನೆಟ್ ಬೇಕಿತ್ತು. ಕೇಬಲ್ಲು ಏಕಸಂಬಿಯ ತನಕ ಬಂದು ನಿಂತಿತ್ತು. ಅಲ್ಲಿ ನೆಟ್ ಕೊಡುವವರದೊಂದು ಟವರ್ ಇದೆ. ಅಲ್ಲಿಂದ ಗಾಳಿಯಲ್ಲೇ ನಮ್ಮ ಮಾಳಿಗೆಗೆ ತರಿಸಬಹುದು, ಆ ಕಡೆ ಒಂದು ಡಿಶ್ ಈ ಕಡೆ ಒಂದು ಡಿಶ್, ಎರಡೂ ಒಂದನ್ನೊಂದು ನೆಟ್ಟಗೆ ನೋಡುತ್ತಿದ್ದರೆ ಸಾಕು ಎಂದು ತಿಳಿದುಕೊಂಡು ಬಂದಳು. ಗಂಡ ಹೆಂಡತಿ ಹಾಗೆ ನೋಡುತ್ತ ಕೂತದ್ದನ್ನೇ ನಾನು ಕಂಡಿಲ್ಲ, ಡಿಶ್ಶುಗಳು ಎಷ್ಟು ದಿನ ನೋಡಿಯಾವು ಎಂದೆ. ನನ್ನ ಮಗ ಎದ್ದು ಹೊರಗೆ ಹೋದ.

ಸಾಮಾನು ಆರಿಸಲು ನಿಪ್ಪಾಣಿಗೆ ಹೋದೆವು. ನಾನೂ ಜೀಪಿನಲ್ಲಿ ಮುಂದೆ ಕೂತು ಹೋದೆ, ನೋಡಬೇಕಾದವಳು ನಾನಲ್ಲವೇ. ಅಂಗಡಿಯವನು ಎರಡು ಡಿಶ್ ತೆಗೆದಿಟ್ಟ. ಒಂದು ದೊಡ್ಡದು, ಕಾಳು ಸಾಣಿಸುವ ಜರಡಿಯ ಹಾಗೆ ಬರೀ ತಂತಿ. ಇನ್ನೊಂದು ಸಣ್ಣದು, ಊಟದ ತಾಟಿನಷ್ಟು, ಮುಂದೆ ಮಳೆ ನೀರು ಹೋಗದಂತೆ ಬಿಳಿ ಮುಚ್ಚಳ. ದೊಡ್ಡದು ದೂರದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಅದರ ನೋಟ ಕಿರಿದು, ಒಂದು ಬೆರಳಿನಷ್ಟು ಸರಿದರೂ ಏಕಸಂಬಿ ಬಿಟ್ಟು ಆಕಾಶ ನೋಡುತ್ತದೆ. ಸಣ್ಣದರ ಹಿಡಿತ ಸ್ವಲ್ಪ ಕಡಿಮೆ, ಆದರೆ ಗಾಳಿಗೆ ಅಲುಗುವುದಿಲ್ಲ, ಎಷ್ಟು ಎತ್ತರದ ಕಂಬಕ್ಕೆ ಬೇಕಾದರೂ ಏರಿಸಬಹುದು. ಇದನ್ನೆಲ್ಲ ಅಂಗಡಿಯವನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ. ಎರಡರ ಡಬ್ಬಿಯ ಮೇಲೂ ಇಷ್ಟು ಕಿಲೋಮೀಟರು ಎಂದು ಬರೆದಿತ್ತು, ದೊಡ್ಡದರ ಮೇಲೆ ಹೆಚ್ಚು.

ರಾಜಶ್ರೀ ಬಹಳ ವಿಚಾರ ಮಾಡಿದಳು. ತಂತಿಯನ್ನು ಮಾತ್ರ ಥಟ್ಟನೆ ಆರಿಸಿದಳು. ಮನೆಯೊಳಗೆ ಎಳೆಯುವ ಬಿಳಿ ತಂತಿ ಬೇಡ, ಬಿಸಿಲಿಗೆ ಸೀಳಿ ಒಳಗೆ ನೀರು ಹೋಗುತ್ತದೆ, ಹೊರಗಿನ ಕರೀ ದಪ್ಪ ತಂತಿಯೇ ಬೇಕು ಎಂದಳು. ಸಿಡಿಲಿಗೆ ಭೂಮಿಗಿಳಿಸುವ ತಂತಿಯನ್ನೂ ಕೇಳಿ ಪಡೆದಳು. ಡಿಶ್ಶಿನ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

“ಅತ್ತಿ, ನಿಮಗ ಬೆರಳ ಬೆರಳ ಕಾಣಬೇಕಲ್ಲರಿ. ಚಿತ್ರ ಒಡೀಬಾರ್ದು. ದೊಡ್ಡದ ತಗೊಳ್ಳೂಣ್ರಿ.”

ಗಾಳಿ ಬಂದರೆ ಎಂದು ಅಂಗಡಿಯವನೇ ಕೇಳಿದ. ಕಂಬ ಗಿಡ್ಡ ಹಾಕಿ ನಾಲ್ಕೂ ಕಡೆ ತಂತಿ ಬಿಗಿದರಾಯಿತು, ನಮ್ಮ ಮಾಳಿಗೆಯಿಂದ ಏಕಸಂಬಿಯ ಟವರಿನ ಕೆಂಪು ದೀಪ ಬರಿಗಣ್ಣಿಗೇ ಕಾಣುತ್ತದೆ, ಎತ್ತರ ಯಾಕೆ ಬೇಕು ಎಂದಳು ರಾಜಶ್ರೀ. ಅದೂ ನಿಜವೇ. ಹಿಂದಿನ ಸಂಜೆ ನಾವೆಲ್ಲ ಮಾಳಿಗೆ ಹತ್ತಿ ಆ ದೀಪ ನೋಡಿದ್ದೆವು, ನನ್ನನ್ನು ಮಗ ಕೈಹಿಡಿದು ಹತ್ತಿಸಿದ್ದ. ಶಿವರಾತ್ರಿಯ ಆಸುಪಾಸು. ಕಬ್ಬು ಕಟಾವಾಗಿ ಹೊಲಗಳು ಬೋಳಾಗಿದ್ದವು. ನಮ್ಮ ಮನೆಯ ಮುಂದಿನ ಏರಿನಲ್ಲಿ ಭೀಮಣ್ಣನ ಹೊಲ, ಅಲ್ಲಿ ರವದಿ ಸುಟ್ಟ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಮುದುಕರಾದ ನಮ್ಮಲ್ಲಿ ಒಬ್ಬರಿಗೂ ಕಬ್ಬು ಬೆಳೆಯುತ್ತದೆ ಎಂದು ನೆನಪಾಗಲಿಲ್ಲ.

ಆ ಬೇಸಿಗೆ ಚೆಂದ ಹೋಯಿತು. ಪಡಸಾಲೆಯ ಗೋಡೆಗೆ ಫೋನು ಆನಿಸಿಟ್ಟು ನಾನು ಕೂರುತ್ತಿದ್ದೆ, ಆ ಕಡೆ ಶಾಂತಾ ತನ್ನ ಫೋನನ್ನು ಅಕ್ಕನ ಮುಂದೆ ಇಡುತ್ತಿದ್ದಳು. ಅಕ್ಕನ ಉಗುರಿನ ಕೆಳಗಿನ ಅರಿಶಿನವೂ ಕಾಣುತ್ತಿತ್ತು. ಅವಳು ತನ್ನ ಎಮ್ಮೆಯ ದೂರು ಹೇಳುತ್ತಿದ್ದಳು, ಮಗನ ಹೊಟ್ಟೆ ಮುಂದೆ ಬಂದದ್ದನ್ನು ಅವನ ಹಿಂದೆಯೇ ಕೂತು ಅಭಿನಯಿಸುತ್ತಿದ್ದಳು. ನಾನು ಜೋರಾಗಿ ನಗುತ್ತಿದ್ದೆ. ಏನೂ ಸದ್ದಿಲ್ಲದ ಕೋಣೆಯಲ್ಲಿ ಮುದುಕಿಯೊಬ್ಬಳು ಗೋಡೆ ನೋಡಿ ನಗುವುದನ್ನು ಕಂಡು ಅರ್ಜಿ ತುಂಬಿಸಲು ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು.

ಕಡಿದ ಬುಡದಿಂದಲೇ ಚಿಗುರಿದ ಭೀಮಣ್ಣನ ಕೂಳೆ ಕಬ್ಬು ಮೊಣಕಾಲುದ್ದ ಆಯಿತು, ಎದೆಯುದ್ದ ಆಯಿತು. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಅದನ್ನು ಹಿಡಿಯುವವರೇ ಇರಲಿಲ್ಲ. ಆಷಾಢದಲ್ಲಿ ಅಕ್ಕನ ಚಿತ್ರ ಆಗೊಮ್ಮೆ ಈಗೊಮ್ಮೆ ತಡವರಿಸಿತು. ರಾಜಶ್ರೀ ತಂತಿ ನೋಡಿದಳು, ಡಬ್ಬಿ ಬಿಚ್ಚಿ ಒರೆಸಿದಳು, ಏಕಸಂಬಿಗೆ ಫೋನು ಮಾಡಿ ಅವರನ್ನು ಬೈದಳು. ಕೊನೆಗೆ ಒಂದು ಸಂಜೆ ಮಾಳಿಗೆಯಿಂದ ಇಳಿದು ಬಂದು ನೆಲದ ಮೇಲೆ ಕೂತಳು. ಕೆಂಪು ದೀಪ ಕಾಣುತ್ತಿಲ್ಲ ಎಂದಳು. ಏರಿನ ಮೇಲೆ ನಿಂತ ಕಬ್ಬಿನ ಗರಿ ಡಿಶ್ಶಿನ ಕಣ್ಣಿಗೆ ಸರಿಯಾಗಿ ಅಡ್ಡ ಬಂದಿತ್ತು. ಒಣ ಎಲೆಯಾದರೆ ಸ್ವಲ್ಪವಾದರೂ ಬಿಡುತ್ತಿತ್ತು, ಮಳೆ ಕುಡಿದ ಹಸಿ ಎಲೆ ಸಿಗ್ನಲ್ಲನ್ನೂ ಕುಡಿದುಬಿಡುತ್ತಿತ್ತು.

ಅದೇ ವಾರ ಹೊಳೆಗಳು ಏರಿದವು. ಘಟ್ಟದಲ್ಲಿ ಮಳೆ ನಿಲ್ಲಲೇ ಇಲ್ಲ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು. ದೂಧಗಂಗೆಯ ಸೇತುವೆ ಮುಳುಗಿತು, ಕೃಷ್ಣೆಯ ಸೇತುವೆಗಳೂ ಮುಳುಗಿದವು, ನಿಪ್ಪಾಣಿಯ ದಾರಿಗೂ ನೀರು ಬಂತು. ಅಕ್ಕನ ಊರನ್ನು ಪೂರಾ ಖಾಲಿ ಮಾಡಿಸಿದರು. ಅವಳನ್ನು ದೋಣಿಯಲ್ಲಿ ಕೂಡಿಸಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಶೇಡಬಾಳಕ್ಕೆ ತಂದು ಒಂದು ಶಾಲೆಯ ಕೋಣೆಯಲ್ಲಿ ಇರಿಸಿದರು. ಕರಿ ಹಲಗೆಯ ಕೆಳಗೆ ಹಾಸಿಗೆ, ಸುತ್ತ ಹತ್ತಾರು ಮನೆಯವರು. ಅಕ್ಕನ ಮಗ ಎಮ್ಮೆಗಳ ಜೊತೆ ಎತ್ತರದ ಹೊಲದಲ್ಲೇ ಉಳಿದ. ಅವರ ಮನೆಯ ಹಿಂಗೋಡೆ ಬಿದ್ದಿತ್ತು. ಅದನ್ನು ಶಾಂತಾ ಅತ್ತೆಗೆ ತಿಳಿಸಿರಲಿಲ್ಲ.

ಒಂದು ಮುಂಜಾನೆ ಶಾಂತಾಳ ಫೋನು ಬಂತು, ಬರೀ ದನಿ. ಅತ್ತೆಗೆ ಜ್ವರ, ಎದೆಯಲ್ಲಿ ಗುರುಗುರು ಎನ್ನುತ್ತದೆ. ಡಾಕ್ಟರು ನೋಡಿ ಮಿರಜಕ್ಕೆ ಒಯ್ಯಿರಿ ಎಂದಿದ್ದಾರೆ, ಆ ಕಡೆ ರಸ್ತೆ ಇನ್ನೂ ತೆರೆದಿದೆ. ಅಂಬುಲೆನ್ಸ್ ಬಂದರೆ ಅತ್ತೆ ಶಾಲೆಯ ಕಂಬ ತಬ್ಬಿಕೊಂಡು ಬಿಡುವುದಿಲ್ಲ. ಕೈ ಮಾಡಿ ಮಾಡಿ ಏನೋ ಹೇಳುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ.

“ಸಣ್ಣತ್ತಿ, ನೀವ ಕೇಳ್ರಿ ಅವ್ರನ್ನ. ಒತ್ತಾಯ್ಲೆ ಎತ್ತಿ ಹಾಕಿದ್ರ ಜೀವಾನ ಬಿಡ್ತಾರೇನೋ ಅನಸ್ತೈತ್ರಿ,” ಎಂದಳು ಶಾಂತಾ.

ಚಿತ್ರ ಹಚ್ಚಿದೆವು. ಅಕ್ಕನ ಬಲಗೈ ಎದೆಯ ತನಕ ಬಂದು ನಿಂತಿತು. ನಿಂತೇ ನಿಂತಿತು. ಮುಂದಿನ ಚಿತ್ರ ಬರುವಷ್ಟರಲ್ಲಿ ಆ ಕೈ ತೊಡೆಯ ಮೇಲಿತ್ತು. ನಡುವಿನ ಮಾತೆಲ್ಲ ಭೀಮಣ್ಣನ ಕಬ್ಬಿನಲ್ಲಿ ಬಿದ್ದುಹೋಯಿತು. ದನಿ ಮಾತ್ರ ಬರುತ್ತಿತ್ತು. ಶಾಂತಾಳ ಬಿಕ್ಕು, ಯಾರದೋ ಮಕ್ಕಳ ಗದ್ದಲ, ತಗಡಿನ ಮೇಲೆ ಮಳೆ. ನನಗೆ ಬೇಡವಾದದ್ದೆಲ್ಲ ಬರುತ್ತಿತ್ತು. ಒಮ್ಮೆ ಅವಳು ಗಿಳಿಯ ಕೊಕ್ಕು ಮಾಡಿದ್ದು ಕಂಡಿತು, ಅಂದರೆ ನನ್ನನ್ನೇ ಕರೆಯುತ್ತಿದ್ದಾಳೆ. ಕೊಕ್ಕು ತೆರೆದದ್ದು ತೆರೆದೇ ಉಳಿಯಿತು.

ರಾಜಶ್ರೀ ಮಳೆಯಲ್ಲೇ ಮಾಳಿಗೆ ಹತ್ತಿ ಕಂಬಕ್ಕೆ ಇನ್ನೊಂದು ಕೊಳವೆ ಜೋಡಿಸಿ ಡಿಶ್ಶನ್ನು ಮೇಲೆ ಏರಿಸಿದಳು. ಚಿತ್ರ ಬಂತು, ಒಂದು ಕ್ಷಣ. ಪಡುವಣ ಗಾಳಿ ಆ ದೊಡ್ಡ ಜರಡಿಯನ್ನು ಹಿಡಿದು ತಿರುವಿತು, ಹೋಯಿತು. ಮತ್ತೆ ತಿರುಗಿಸಿದಳು, ಮತ್ತೆ ಗಾಳಿ. ಸಣ್ಣದನ್ನು ತಂದಿದ್ದರೆ ಆ ಎತ್ತರದಲ್ಲಿ ನಿಲ್ಲುತ್ತಿತ್ತು. ಅದು ನಿಪ್ಪಾಣಿಯ ಅಂಗಡಿಯಲ್ಲಿತ್ತು, ನಿಪ್ಪಾಣಿ ನೀರಿನ ಆಚೆ ಇತ್ತು. ಕೊನೆಗೆ ಡಿಶ್ಶನ್ನು ಮೊದಲಿನ ಗಿಡ್ಡ ಕಂಬಕ್ಕೇ ಇಳಿಸಿ ಬಿಗಿದು ಬಂದಳು. ಸೀರೆಯಿಂದ ನೀರು ಸುರಿಯುತ್ತಿತ್ತು. ನಿಮಗೆ ಚೆಂದ ಕಾಣಲಿ ಎಂದೇ ದೊಡ್ಡದನ್ನು ಆರಿಸಿದೆ ಎಂದಳು, ನನ್ನ ಮುಖ ನೋಡದೆ. ಹೌದು, ಬೇಸಿಗೆಯಲ್ಲಿ ಚೆಂದವೇ ಕಂಡಿತ್ತಲ್ಲ ಎಂದೆ.

ಕೊಡೆ ಹಿಡಿದು ಭೀಮಣ್ಣನ ಮನೆಗೆ ಹೋದೆ. ಅವನು ನನ್ನ ಗಂಡನ ಕಾಲದಿಂದಲೂ ನಮ್ಮ ನೆರೆ, ನನಗೆ ಮೈದುನನ ಹಾಗೆ. ಎಮ್ಮೆಯ ಕೆಚ್ಚಲು ತೊಳೆಯುತ್ತ ಕೂತಿದ್ದ. ನಿನ್ನ ಕಬ್ಬು ನನ್ನ ಅಕ್ಕನ ಮುಖ ಮುಚ್ಚಿದೆ, ಒಂದು ಸಾಲು ಕಡಿದು ಕೊಡು ಎಂದೆ. ನಕ್ಕ. ಆಮೇಲೆ ನಾನು ನಗುತ್ತಿಲ್ಲವೆಂದು ಕಂಡು ಕೈ ಒರೆಸಿಕೊಂಡು ಎದ್ದ.

“ವೈನಿ, ಈಗ ಕಡದ್ರ ಎಮ್ಮಿ ಅಷ್ಟ ತಿಂತಾವ್ರಿ. ಫ್ಯಾಕ್ಟರಿಯವ್ರು ಮೂಸಿ ಸೈತ ನೋಡೂದಿಲ್ಲ. ಒಂದ ವರ್ಷದ ದುಡಿಕಿ ಐತಿ.”

ಅವನು ಹೇಳಿದ್ದು ಸುಳ್ಳಲ್ಲ. ತಗ್ಗಿನ ಹೊಲವೆಲ್ಲ ಅವನಿಗೆ ನೀರಿನಡಿ ಹೋಗಿತ್ತು, ಉಳಿದದ್ದು ಆ ಏರೊಂದೇ. ಮನೆಗೆ ಬಾ, ನೀನೇ ಒಮ್ಮೆ ನೋಡು ಎಂದಷ್ಟೇ ಹೇಳಿದೆ. ಬಂದ. ತಲೆಯ ಮೇಲಿನ ಗೋಣಿ ತೆಗೆಯದೆ ಬಾಗಿಲಲ್ಲಿ ನಿಂತು ನೋಡಿದ. ಫೋನಿನ ಗಾಜಿನಲ್ಲಿ ಅಕ್ಕ ಕಂಬಕ್ಕೆ ಒರಗಿದ್ದಳು, ಕೈ ಅರ್ಧಕ್ಕೆ ಎತ್ತಿದ ಹಾಗೇ ನಿಂತಿತ್ತು. ಅವನು ಬಹಳ ಹೊತ್ತು ನಿಂತ, ಆ ಕೈ ಅಲುಗಲಿಲ್ಲ. ನಾಳೆ ಮುಂಜಾನೆ ಕಬ್ಬು ಕಡಿಯುವ ಕೊಯ್ತಾ ತರುತ್ತೇನೆ, ಯಾವ ಸಾಲು ಕಡಿಯಬೇಕೆಂದು ರಾಜಶ್ರೀ ಮಾಳಿಗೆಯ ಮೇಲಿಂದ ತೋರಿಸಲಿ ಎಂದು ಹೇಳಿ ಹೋದ.

ಮರುದಿನ ಅವನು ಕೊಯ್ತಾ ಹಿಡಿದು ಬಂದಾಗ ಕಡಿಯಲು ಏನೂ ಉಳಿದಿರಲಿಲ್ಲ. ಮಳೆಗೆ ಬುಡ ಸಡಿಲಾಗಿದ್ದ ಕಬ್ಬನ್ನು ಗಾಳಿ ಮಲಗಿಸಿಬಿಟ್ಟಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಯಾರೋ ಅಂಗೈಯಿಂದ ಸವರಿದ ಹಾಗೆ. ಮೊದಲೇ ಉದುರಿ ನೀರಿನಲ್ಲಿ ನೆನೆದಿದ್ದ ರವದಿಯಿಂದ ಹುಳಿ ವಾಸನೆ ಏಳುತ್ತಿತ್ತು. ಭೀಮಣ್ಣ ಬದುವಿನ ಮೇಲೆ ನಿಂತಿದ್ದ. ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದೆ, ಅವನಿಗಿಂತ ನಾನು ಗಿಡ್ಡ, ಅದು ಅವನ ಕಿವಿಗೆ ಬಡಿಯಿತು.

“ನೀವು ಒಂದ ಸಾಲ ಕೇಳಿದ್ರಿ ವೈನಿ, ಗಾಳಿ ಪೂರಾ ಹೊಲಾನ ಕೊಟ್ಟೈತಿ. ಹೋಗ್ರಿ, ಅಕ್ಕನ ಕೂಡ ಮಾತಾಡ್ರಿ,” ಎಂದ.

ರಾಜಶ್ರೀ ಮಾಳಿಗೆಯ ಮೇಲೆ ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಿದ್ದಳು, ನಾನು ಕೆಳಗೆ ಫೋನಿನಲ್ಲಿ ಬರುವ ಸಿಗ್ನಲ್ಲಿನ ಅಂಕಿಯನ್ನು ಕೂಗಿ ಹೇಳುತ್ತಿದ್ದೆ. ಆ ಅಂಕಿ ಸೊನ್ನೆಯ ಕಡೆ ಬಂದಷ್ಟೂ ಒಳ್ಳೆಯದಂತೆ. ಬಂತು, ಬಂತು, ಇನ್ನಷ್ಟು ಬಂತು, ನಿಲ್ಲಿಸು ಎಂದೆ. ಬಿಗಿದಳು.

ಅಕ್ಕ ಕಂಡಳು. ಉಗುರು ಕಂಡವು. ಮುಖ ಮಾತ್ರ ಯಾರದೋ ಅನಿಸುವಷ್ಟು ಸಣ್ಣದಾಗಿತ್ತು. ನನ್ನನ್ನು ನೋಡಿ ಮೊದಲು ಬೈದಳು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು. ಕಬ್ಬಿನಲ್ಲಿ ಎಂದೆ. ಆಮೇಲೆ ಕೇಳಿದೆ, ಮಿರಜಕ್ಕೆ ಯಾಕೆ ಹೋಗುವುದಿಲ್ಲ. ಅವಳ ಕೈಗಳು ಬಹಳ ಹೊತ್ತು ಮಾತಾಡಿದವು, ನಡುನಡುವೆ ದಣಿದು ತೊಡೆಯ ಮೇಲೆ ಬಿದ್ದವು. ಶಾಂತಾಳಿಗೆ ನಾನು ಒಂದೊಂದಾಗಿ ಹೇಳಿದೆ. ಅಲ್ಲಿ ಎಲ್ಲರೂ ಹೊಸಬರು. ಕನ್ನಡವೋ ಮರಾಠಿಯೋ, ಅವಳಿಗೆ ಎರಡೂ ಬರೀ ತುಟಿಯ ಕುಣಿತ. ಎಲ್ಲಿ ನೋಯುತ್ತದೆ ಎಂದು ಯಾರಿಗೆ ಹೇಳಬೇಕು. ನೀರು ಬೇಕೆಂದು ಕೈ ಎತ್ತಿದರೆ ಕೈ ಹಿಡಿದು ಮಲಗಿಸುತ್ತಾರೆ, ಅವಳ ಗಂಡ ಸಾಯುವಾಗ ಅಲ್ಲಿ ಅವಳು ಕಂಡಿದ್ದಾಳೆ. ಜೀವ ಹೋಗುವುದೇ ಇದ್ದರೆ ತನ್ನ ಮಾತು ತಿಳಿಯುವವಳ ಮುಂದೆ ಹೋಗಲಿ. ಆ ವಟವಟದವಳು ಬರಲಿ, ಅಲ್ಲಿಯ ತನಕ ಈ ಕಂಬ ಬಿಡುವುದಿಲ್ಲ.

ನಾನು ಬರಲು ನಡುವೆ ಎರಡು ಹೊಳೆ ತುಂಬಿ ನಿಂತಿದ್ದವು. ಅದನ್ನೇ ಹೇಳಿದೆ. ನಾನು ಬರಲಾರೆ, ಆದರೆ ನನ್ನ ಕಣ್ಣು ಬರುತ್ತದೆ. ಶಾಂತಾ ಫೋನು ಹಿಡಿದೇ ಇರುತ್ತಾಳೆ. ನೀನು ಕೈ ಎತ್ತಿದಾಗೆಲ್ಲ ನಾನು ಇಲ್ಲಿ ಕೂತಿರುತ್ತೇನೆ. ಅಕ್ಕ ಕಂಬವನ್ನು ನೋಡಿದಳು, ನನ್ನನ್ನು ನೋಡಿದಳು, ಕಂಬ ಬಿಟ್ಟಳು.

ಮಿರಜದ ಆಸ್ಪತ್ರೆಯಲ್ಲಿ ಅವಳಿದ್ದಷ್ಟು ದಿನ ನಾನು ಪಡಸಾಲೆಯ ಗೋಡೆ ಬಿಟ್ಟು ಏಳಲಿಲ್ಲ. ಡಾಕ್ಟರು ಮರಾಠಿಯಲ್ಲಿ ಶಾಂತಾಳಿಗೆ ಹೇಳುತ್ತಿದ್ದರು, ಶಾಂತಾ ಕನ್ನಡದಲ್ಲಿ ನನಗೆ, ನಾನು ಕೈಯಲ್ಲಿ ಅಕ್ಕನಿಗೆ. ಅಕ್ಕನ ಉತ್ತರ ಅದೇ ದಾರಿಯಲ್ಲಿ ತಿರುಗಿ ಹೋಗುತ್ತಿತ್ತು. ಎಲ್ಲಿ ಚುಚ್ಚುತ್ತದೆ, ಯಾವ ಮಗ್ಗುಲಿಗೆ ಮಲಗಿದರೆ ಉಸಿರು ಸಿಗುತ್ತದೆ, ಎಲ್ಲ ಹೇಳಿದಳು. ಆಚೆ ಹಾಸಿಗೆಯ ಮುದುಕಿ ಗೊರಕೆ ಹೊಡೆಯುವಾಗ ಬಾಯಿ ಹೇಗೆ ತೆರೆಯುತ್ತಾಳೆ ಎಂಬುದನ್ನೂ ಮಾಡಿ ತೋರಿಸಿದಳು, ಅದನ್ನು ಡಾಕ್ಟರಿಗೆ ದಾಟಿಸಬೇಡ ಎಂದು ಶಾಂತಾಳಿಗೆ ಹೇಳಿದೆ. ಡಿಶ್ ಅಲುಗಲಿಲ್ಲ. ರಾಜಶ್ರೀ ಹೊತ್ತಿಗೊಮ್ಮೆ ಹೋಗಿ ಬಿಗಿ ನೋಡಿ ಬರುತ್ತಿದ್ದಳು. ಭೀಮಣ್ಣ ಬಿದ್ದ ಕಬ್ಬನ್ನು ಕಟ್ಟಿ ನಿಲ್ಲಿಸಲು ಹೋಗಲಿಲ್ಲ. ನಿಲ್ಲಿಸಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೇನೋ.

ನೀರು ಇಳಿದು ಸೇತುವೆಯ ಮೇಲೆ ಬಸ್ಸು ಬಿಡುವಷ್ಟರಲ್ಲಿ ಅಕ್ಕ ಹೋಗಿದ್ದಳು. ಸೇತುವೆಯ ಅಂಚಿನ ಕಂಬಿಗಳಿಗೆಲ್ಲ ಕಸ, ಬಟ್ಟೆ, ಕಬ್ಬಿನ ಗರಿ ಸುತ್ತಿಕೊಂಡಿದ್ದವು. ನಾನು ಮಗನ ಹೆಗಲು ಹಿಡಿದು ಶೇಡಬಾಳದಲ್ಲಿ ಇಳಿದಾಗ ಮಾಡುವುದೇನೂ ಉಳಿದಿರಲಿಲ್ಲ. ಶಾಂತಾಳ ಪಕ್ಕ ಕೂತು ಬಂದೆ ಅಷ್ಟೇ. ಈಗ ನಮ್ಮ ಮಾಳಿಗೆಯ ಮೇಲೆ ಎತ್ತರದ ಕಂಬವಿದೆ, ಅದಕ್ಕೆ ಬಿಳಿ ಮುಚ್ಚಳದ ಸಣ್ಣ ಡಿಶ್. ಯಾವ ಕಬ್ಬೂ ಅಲ್ಲಿಗೆ ಮುಟ್ಟುವುದಿಲ್ಲ, ಯಾವ ಗಾಳಿಗೂ ಅಲುಗುವುದಿಲ್ಲ. ಚಿತ್ರ ಬಹಳ ಚೆಂದ ಬರುತ್ತದೆ. ನೋಡುವಂಥದ್ದು ನನಗೆ ಏನೂ ಇಲ್ಲ.

ಕೊನೆಯ ಸಲ ಮಾತಾಡಿದ್ದು ಒಂದು ಇಳಿಹೊತ್ತು. ಡಾಕ್ಟರು ಶಾಂತಾಳನ್ನು ಹೊರಗೆ ಕರೆದು, ಇನ್ನು ಭರವಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಅವಳು ಅದನ್ನು ದನಿಯಲ್ಲಿ ನನಗೆ ಹೇಳಿ, ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಫೋನನ್ನು ಅಕ್ಕನ ಮುಂದೆ ಹಿಡಿದಳು. ಡಾಕ್ಟರು ಏನಂದರು ಎಂದು ಅಕ್ಕ ಕೇಳಿದಳು. ಏನೂ ಆಗಿಲ್ಲ ಅಂದರು ಎಂದು ಕೈ ಮಾಡಿದೆ. ನೀರು ಇಳಿದ ಕೂಡಲೇ ಬರುತ್ತೇನೆ, ಇಬ್ಬರೂ ಕೂಡಿ ನಿನ್ನ ಮನೆಗೆ ಹೋಗೋಣ, ಮನೆ ಹೇಗಿತ್ತೋ ಹಾಗೇ ಇದೆ ಎಂದೆ. ಅಕ್ಕ ನನ್ನ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ಸೂಜಿ ಅಂಟಿಸಿದ್ದ ಕೈಯನ್ನು ಮೆಲ್ಲಗೆ ಎತ್ತಿದಳು. ಅವಳು ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಇಷ್ಟು:

“ಬಾಯಿಲೆ ಸುಳ್ಳ ಹೇಳೂದು ನಿನಗ ಮೊದಲಿಂದ ಬರತೈತಿ. ಕೈಲೆ ಹೇಳೂದು ಇನ್ನಾ ಕಲೀಬೇಕು ನೀ.”